ಇರುವೆ

ಹದಿನಾರು ಅಡಿಯ ತಟ್ಟೆ.
ತೊಂಬತ್ತಾರರಲ್ಲಿ ಲಾರಿಯ ಮೇಲೆ ಬಂದಾಗ
ಹೆಜಮಾಡಿ ಕೋಡಿಯ ಮಕ್ಕಳೆಲ್ಲ ಹಿಂದೆ ಓಡಿದ್ದರು.
ಈಗ ಅದರ ಜಾಲರಿಗೆ ಸೋರೆಬಳ್ಳಿ,
ಅಂಚಿನಲ್ಲಿ ಸೆವ್ರಿನ್ ಒಣಹಾಕಿದ ನೈಟಿ.
ಗುಜರಿಯವ ಎರಡು ಸಲ ಬಂದು
ಕಾಲಿನಿಂದ ತಟ್ಟಿ ನೋಡಿ ಹೋಗಿದ್ದ.

ಮೂರನೆಯ ಸಲ ಬಂದದ್ದು ಕಾಲೇಜಿನ ವಿನುತಾ ಕರ್ಕೇರ,
ಹೆಲ್ಮೆಟ್ಟೂ ತೆಗೆಯದೆ:
"ಲಾದ್ರು ಪರ್ಬುಗಳೇ, ಮಾರುವುದು ಬೇಡ.
ಮೇಲೆ ಮುಖ ಮಾಡಿ ಇಟ್ಟರೆ ಸಾಕು."
"ಯಾವ ಚಾನೆಲ್?"
"ಯಾವುದೂ ಅಲ್ಲ."

ಎಲ್ಲಿಂದ ಬರುವುದು ಅದು, ಕೇಳಿದೆ.
ಎಲ್ಲ ಕಡೆಯಿಂದ, ಅಂದಳು.
ನನಗೆ ಸಿಟ್ಟು ಬಂತು.
ಬೆರಳಿನಷ್ಟು ಪೂರ್ವಕ್ಕೆ, ಕೂದಲಿನಷ್ಟು ಕೆಳಕ್ಕೆ,
ಹೀಗೆ ತಿರುಗಿಸಿ ತಿರುಗಿಸಿ ಸೊಂಟ ಸವೆಸಿದವ ನಾನು.
ಎಲ್ಲ ಕಡೆಯಿಂದ ಬರುವುದಕ್ಕೆ
ತಟ್ಟೆ ಯಾಕೆ, ನಾನು ಯಾಕೆ?

ಹುಟ್ಟಿದ ದಿನದ ಬಿಸಿಯಂತೆ. ಆರಿ ಆರಿ
ಈಗ ಮೂರು ಡಿಗ್ರಿಗೂ ಕಮ್ಮಿ.
ಒಲೆಯ ಬೂದಿಗೆ ಬೆಳಿಗ್ಗೆ ಕೈ ಇಟ್ಟ ಹಾಗಾ?
"ಒಲೆ ಬೇರೆ ಇಲ್ಲ," ಅಂದಳು,
"ನಾವಿರುವ ಕೋಣೆಯೇ ಒಲೆ."

ತಣ್ಣಗಿನ ಒಂದು ಅಳತೆಗೋಲು ಬೇಕಿತ್ತು.
ಪಶು ಆಸ್ಪತ್ರೆಯ ಜಿನ್ನಪ್ಪ ಡಾಕ್ಟ್ರು
ಹೋರಿಗಳ ಬೀಜ ಕಾಯುವ ದ್ರವ ಸಾರಜನಕ
ಒಂದು ಕ್ಯಾನ್ ಕೊಟ್ಟರು, ಎರಡು ಕಡೆ ಸಹಿ ಹಾಕಿಸಿ.
ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಪ್ಪು ಸ್ಪಂಜು,
ಅದರ ಮೇಲೆ ಹೊಯ್ದಾಗ ಅಂಗಳವೆಲ್ಲ ಹೊಗೆ,
ಹೊಗೆಗೂ ಬಂಗುಡೆಯ ವಾಸನೆ.

ಜನವರಿಯ ರಾತ್ರಿ. ಕರೆಂಟು ಹೋದದ್ದೇ ಒಳ್ಳೆಯದಾಯಿತು.
ಕಾರಿನ ಬ್ಯಾಟರಿ, ಪರದೆಯಲ್ಲಿ ಒಂದು ಗೆರೆ.
ಪೆಟ್ಟಿಗೆ ಇಡು, ತೆಗೆ. ಪೆಟ್ಟಿಗೆ, ಆಕಾಶ. ಪೆಟ್ಟಿಗೆ, ಆಕಾಶ.
ಬಜ್ಪೆಗೆ ಇಳಿಯುವ ವಿಮಾನಕ್ಕೆ ಗೆರೆ ಜಿಗಿಯಿತು.
ಅಳಿವೆ ದಾಟುವ ಬೋಟಿನ ರೇಡಾರಿಗೆ ಇನ್ನೊಮ್ಮೆ.
ಸೆವ್ರಿನ್ ಟಾರ್ಚು ಹಿಡಿದು ಬಂದು ನಿಂತಳು,
ಅವಳ ಮೈಯ ಬಿಸಿಯೂ ಬಿತ್ತು ಲೆಕ್ಕದೊಳಗೆ.

ಎಲ್ಲವನ್ನೂ ಕಳೆಯಬೇಕು.
ನೆಲದ ಬಿಸಿ, ತೆಂಗಿನ ಗರಿಯ ಬಿಸಿ, ಯಂತ್ರದ್ದೇ ಬಿಸಿ,
ಈ ಕರಾವಳಿಯ ಗಾಳಿಗೆ ರಾತ್ರಿಯೂ ಬೆವರುಂಟಲ್ಲ,
ಅದನ್ನೂ.
ಕಳೆದು ಕಳೆದು ಬೆಳಗಿನ ಬಾಂಕಿನ ಹೊತ್ತಿಗೆ
ಅವಳು ಬರೆದಳು: ನಾಲ್ಕು. ಮೂರು ಆಚೀಚೆ.

"ಹೀಗೆ ತೂಗಿದರೆ
ಮೀನಿನವಳು ಬುಟ್ಟಿ ಎತ್ತಿಕೊಂಡು ಹೋಗುತ್ತಾಳೆ," ಅಂದೆ.
ನಕ್ಕಳು. ಹೊಡೆದು ಹಾಕಲಿಲ್ಲ.
ಸೊನ್ನೆ ಅಲ್ಲವಲ್ಲ, ಅಂದಳು,
ಅಂದದ್ದು ನನಗಲ್ಲ.

ವಯರು ಸುತ್ತುವಾಗ ಮಾತಿಗೆ ಹೇಳಿದಳು:
"ನಿಮಗೆ ಇದು ಹಳೆಯ ಪರಿಚಯ.
ಚಾನೆಲ್ ಹೋದಾಗ ಟೀವಿಯಲ್ಲಿ ಚುಕ್ಕಿ ಕುದಿಯುತ್ತಿತ್ತಲ್ಲ,
ನೂರರಲ್ಲಿ ಒಂದೋ ಏನೋ, ಇದೇ."

ಮುನ್ನೂರ ನಲವತ್ತು ಕನೆಕ್ಷನ್.
ಮ್ಯಾಚಿನ ನಡುವೆ, ಮದುವೆಯ ನಡುವೆ, ಪೂಜೆಯ ನಡುವೆ ಫೋನು:
"ಲಾದ್ರು, ಬರೀ ಇರುವೆ ಮಾರಾಯ!"
ಜಡಿಮಳೆಯಲ್ಲಿ ಕಂಬ ಹತ್ತಿದ್ದೇನೆ,
ಹಲ್ಲಿನಲ್ಲಿ ವಯರಿನ ಸಿಪ್ಪೆ ಸುಲಿದಿದ್ದೇನೆ,
ತಿಂಗಳಿಗೆ ನೂರು ರೂಪಾಯಿ ತೆಗೆದುಕೊಂಡು
ಮನೆಮನೆಯಿಂದ ಅದನ್ನು ಅಟ್ಟಿದ್ದೇನೆ.

ನಡಿಕುದ್ರುವಿನಲ್ಲಿ ಒಂದು ಹುಡುಗ, ಮಾತು ಬಾರದವ.
ಪರದೆಗೆ ಎರಡೂ ಅಂಗೈ ಒತ್ತಿ ನಿಂತಿದ್ದ.
ನಾನು ಸರಿ ಮಾಡಿದೆ, ವಾರ್ತೆ ಬಂತು,
ಅವ ಕಿರುಚಿ ಕಿರುಚಿ ಅತ್ತ.
"ಇವನಿಗೆ ಅದೇ ಆಗಬೇಕು," ಅಂದಳು ತಾಯಿ, ನಾಚಿಕೆಯಿಂದ,
ದುಡ್ಡು ಕೊಡುತ್ತಾ.
ಆ ದುಡ್ಡು ನಾನು ಎಣಿಸಿ ತೆಗೆದುಕೊಂಡೆ.

ನಿನ್ನೆ ಅಟ್ಟದಿಂದ ಹಳೆಯ ಪೋರ್ಟಬಲ್ ಇಳಿಸಿದೆ.
ಆಂಟೆನಾದ ಜಾಗದಲ್ಲಿ ಒಂದು ತಂತಿ, ಅಷ್ಟೆ.
ಬಿಸಿಯಾಗಲು ಹೊತ್ತು ಹಿಡಿಯಿತು,
ಆಮೇಲೆ ಬಂತು. ಅಂಗೈ ಇಟ್ಟೆ.
ರೋಮ ನಿಂತದ್ದು ಗಾಜಿನ ಕರೆಂಟಿಗೇ ಇರಬೇಕು.

ಸೆವ್ರಿನ್ ಅಡುಗೆಮನೆಯಿಂದ ಕೂಗಿದಳು,
"ಏನದು ಬರ್ ಅಂತ? ಯಾರುಂಟು ಅಲ್ಲಿ?"
"ಇರುವೆ," ಅಂದೆ.
ಒಳಗೆ ಅರಸಿನದ ಡಬ್ಬಿ ತೆಗೆಯುವ ಸದ್ದು.